ಗೆರಟೆ ನೋಡುವ ಶಾಸ್ತ್ರ

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯುತ್ತಿದ್ದೆ, ನೀವು ತುರಿಯುವುದು ಅನ್ನುತ್ತೀರಲ್ಲ, ಅದೇ. ನಾಲ್ಕನೇ ಕ್ಲಾಸಿನ ಮಗಳು ಅನು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ಸ್ಕ್ರೇಪ್ ಅಂದ್ರೆ ಎಂತ? ಅರ್ಥ ಬರ್ಕಂಡ್ ಬಪ್ಪುಕೆ ಹೇಳಿರ್ ಟೀಚರ್."

ನನಗೆ ನಗು ಬಂತು. ಇಡೀ ಬಸ್ರೂರಿನಲ್ಲಿ ಈ ಪ್ರಶ್ನೆಯನ್ನು ಯಾರಿಗೆ ಕೇಳಬೇಕೋ ಅವರಿಗೇ ಸರಿಯಾಗಿ ಕೇಳಿದ್ದಳು ನೋಡಿ. "ಇದೇ ಮಗಾ, ನಾನ್ ಈಗ ಮಾಡ್ತಿಪ್ಪುದೇ" ಅಂದೆ. ಅವಳು 'ಕಾಯಿ ಹೆರುದ್' ಅಂತ ಬರೆದುಕೊಂಡು ಹೊರಟಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನಾನು ಬಿಡುವ ಜಾತಿಯವಳಲ್ಲ. "ನಿಲ್ ನಿಲ್, ಕಾಯಿ ಮಾತ್ರ ಅಲ್ಲ. ಮೀನಿನ ಹುರುಪೆ ತೆಗುದೂ ಅದೇ. ದೋಸಿ ಹಿಟ್ಟಿನ ಪಾತ್ರೆ ಬಳಿಯುದೂ ಅದೇ. ನೀ ಸೈಕಲ್ಲಿಂದ ಬಿದ್ದ್ ಮೊಣಕಾಲ್ ತರ್ಚ್ಕಂಡ್ಯಲ್ದಾ, ಅದೂ ಅದೇ" ಅಂತ ಶುರುಮಾಡಿದೆ.

"ಒಂದೇ ಹೇಳ್ ಅಮ್ಮಾ! ಜಾಗ ಇಲ್ಲೆ ಪುಸ್ತಕದಗೆ" ಅಂತ ಅವಳು ಸಿಡುಕಿದಳು. ನಾನು ಇನ್ನೂ ಹೇಳುತ್ತಲೇ ಇದ್ದೆ. ಕೊನೆಗೆ ಅವಳು "ನಾ ದೊಡ್ಡಜ್ಜಿ ಹತ್ರ ಕೇಳ್ತೆ" ಎಂದು ಜಗಲಿಗೆ ಹೋಗಿಬಿಟ್ಟಳು. ದೊಡ್ಡಜ್ಜಿ ಅಂದರೆ ನನ್ನ ಗಂಡನ ಅಜ್ಜಿ, ಚಂದಜ್ಜಿ. ವಯಸ್ಸು ತೊಂಬತ್ತರ ಆಸುಪಾಸು. ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ಈ ವಿಷಯದಲ್ಲಿ ಅವರನ್ನು ಮೀರಿಸಿದ ವಿದ್ವಾಂಸರು ನಮ್ಮ ಸೀಮೆಯಲ್ಲಿ ಇಲ್ಲ ಅಂತ ನನಗೆ ಸ್ವಂತ ಅನುಭವದಿಂದಲೇ ಗೊತ್ತು.

ಕೈ ತನ್ನ ಪಾಡಿಗೆ ಕಾಯಿ ಹೆರೆಯುತ್ತಿತ್ತು. ನನ್ನ ತಲೆ ಮಾತ್ರ ಬೈಂದೂರಿಗೆ ಹೋಯಿತು.

ನನ್ನ ಅಪ್ಪನ ಮನೆ ಬೈಂದೂರಿನ ಕಡಲಬದಿಯಲ್ಲಿ. ಅಪ್ಪಯ್ಯ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಹೋಗಿ ಮಾರುವವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅಂದರೆ ತೊಂಬತ್ತೇಳರಲ್ಲಿ, ಅವರದು ಸೈಕಲ್ಲು. ಆಮೇಲೆ ಮೊಪೆಡ್ಡು. ಗಿರಾಕಿಗಳಿಗೆ ಮೀನನ್ನು ಅಲ್ಲಲ್ಲೇ ಹೆರೆದು ಕೊಡುತ್ತಿದ್ದ ಕಾರಣ ಮಧ್ಯಾಹ್ನ ಮನೆಗೆ ಬರುವಾಗ ಅವರ ಮೊಣಕೈ ತನಕ ಹುರುಪೆ ಅಂಟಿಕೊಂಡು ಬಿಸಿಲಿಗೆ ಮಿಂಚುತ್ತಿತ್ತು. ಅದನ್ನು ಉಗುರಿನಿಂದ ಒಂದೊಂದೇ ಎಬ್ಬಿಸಿ ತೆಗೆಯುವ ಕೆಲಸ ನನ್ನದು. ಯಾರೂ ಹೇಳಿದ್ದಲ್ಲ, ನಾನೇ ವಹಿಸಿಕೊಂಡದ್ದು. ಹುರುಪೆ ಮುಗಿದ ಮೇಲೂ ನಾನು ಕೆರೆಯುತ್ತಿದ್ದೆ. "ಅದ್ ಮೀನಿಂದಲ್ಲ ಮಗಾ, ನನ್ ಚರ್ಮ" ಅಂತ ಅಪ್ಪಯ್ಯ ಕೈ ಎಳೆದುಕೊಳ್ಳುತ್ತಿದ್ದರು.

ಇದು ನನ್ನ ಹುಟ್ಟುಗುಣ ಮಾರಾಯ್ರೆ. ಹೆರೆಯಲು ಬರುವ ವಸ್ತು ಏನೇ ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ, ಹೆರೆಯಲು ಹೊರಟರೆ ನಿಲ್ಲುವುದೂ ಇಲ್ಲ. ಮನೆಯ ಗೋಡೆಯ ಸುಣ್ಣವನ್ನು ನಾನು ಮಲಗುವ ಮಗ್ಗುಲಲ್ಲಿ ಒಂದು ಮೊಳ ಅಗಲಕ್ಕೆ ಕೆರೆದಿದ್ದೆ. ಅಲ್ಲಿಂದ ಮಣ್ಣು, ಮಣ್ಣಿನಿಂದ ಕಲ್ಲು ಕಂಡಿತು. ಗಾಯದ ಹಕ್ಕಳೆಯನ್ನು ಒಣಗಲು ಬಿಟ್ಟವಳೇ ಅಲ್ಲ. ಬಸ್ಸಿನ ಸೀಟಿನಲ್ಲಿ ಒಂದು ಸಣ್ಣ ತೂತಿದ್ದರೆ ಶಾಲೆ ಬರುವಷ್ಟರಲ್ಲಿ ಒಳಗಿನ ಸ್ಪಂಜು ನನ್ನ ಮಡಿಲಲ್ಲಿ ಇರುತ್ತಿತ್ತು. ಗಣಿತದ ಪುಸ್ತಕದಲ್ಲಿ ತಪ್ಪು ಉತ್ತರವನ್ನು ಬ್ಲೇಡಿನಿಂದ ಹೆರೆದು ಹೆರೆದು ಕಾಗದವೇ ತೂತಾಗಿ, ಆ ತೂತಿನಿಂದ ಹಿಂದಿನ ಪುಟದ ಸರಿ ಉತ್ತರ ಕಾಣುತ್ತಿತ್ತು. ಮೇಷ್ಟ್ರು ಅದಕ್ಕೆ ಅಂಕ ಕೊಡಲಿಲ್ಲ. ಆ ವರ್ಷ ಪರೀಕ್ಷೆಯಲ್ಲಿ ಹೇಗೋ ಪಾಸಾದೆ. ಹಾಗೆ ಹೇಗೋ ಪಾಸಾಗುವುದಕ್ಕೂ ಇಂಗ್ಲಿಷಿನಲ್ಲಿ ಸ್ಕ್ರೇಪ್ ಅಂತಲೇ ಹೇಳುತ್ತಾರಂತೆ, ನಮ್ಮ ಅನುವಿನ ಪುಸ್ತಕದ ಹಿಂದೆ ಇದೆ. ಬಹಳ ಸರಿಯಾಗಿದೆ.

"ಇವ್ಳ್ ಕೈಯೆಂತ ಹೆಗ್ಗಣದ್ದಾ?" ಅಂತ ಅಬ್ಬಿ ಕೇಳುತ್ತಿದ್ದಳು. ಅಬ್ಬಿ ಅಂದರೆ ಅಮ್ಮ, ನಮ್ಮ ಕಡೆ ಹಾಗೇ ಕರೆಯುವುದು. ಅವಳಿಗೆ ನನ್ನ ಮೇಲೆ ದೊಡ್ಡ ಸಿಟ್ಟು ಕಾಯಿಯ ವಿಷಯದಲ್ಲಿ. ನಮ್ಮ ಮನೆಯಲ್ಲಿ ಮೀನು ಇಲ್ಲದ ದಿನ ಇರಬಹುದು, ಕಾಯಿ ಹೆರೆಯದ ದಿನ ಇಲ್ಲ. ನಿಮಗೆ ಗೊತ್ತಿರುವುದೇ, ಕಡಿಯನ್ನು, ಅಂದರೆ ಒಡೆದ ಕಾಯಿಯ ಹೋಳನ್ನು, ಅಂಗೈಯಲ್ಲಿ ತಿರುಗಿಸುತ್ತಾ ಬಿಳಿ ಇದ್ದಷ್ಟು ಹೆರೆಯಬೇಕು, ಕಂದು ಸಿಪ್ಪೆ ಕಂಡ ಕೂಡಲೇ ಬಿಡಬೇಕು. ನಾನು ಬಿಡುತ್ತಿರಲಿಲ್ಲ. ಬಿಳಿ ಮುಗಿದು, ಕಂದು ಬಂದು, ಗೆರಟೆಯ, ಅಂದರೆ ಕರಟದ, ಪುಡಿಯೂ ಸೇರಿ ಚಟ್ನಿ ತೌಡಿನ ಬಣ್ಣಕ್ಕೆ ತಿರುಗುತ್ತಿತ್ತು. ಹಲ್ಲಿಗೆ ಕರಕರ ಅನ್ನುತ್ತಿತ್ತು. ಅಪ್ಪಯ್ಯ ಪಾಪ, ಮಾತಾಡದೆ ತಿನ್ನುತ್ತಿದ್ದರು.

ಇಷ್ಟೆಲ್ಲ ಪೀಠಿಕೆ ಯಾಕೆ ಹಾಕಿದೆ ಅಂದರೆ, ಈ ಗುಣದಿಂದಲೇ ನನಗೆ ಗಂಡ ಸಿಕ್ಕಿದ್ದು, ಇದೇ ಗುಣದಿಂದ ಕೈತಪ್ಪಿ ಹೋಗುವುದರಲ್ಲಿದ್ದದ್ದು.

ನಾನು ಕುಂದಾಪುರಕ್ಕೆ ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಅಪ್ಪಯ್ಯ ಒಂದು ಮೊಬೈಲ್ ತೆಗೆದುಕೊಂಡಿದ್ದರು. ಅದಕ್ಕೆ ಕರೆನ್ಸಿ ಹಾಕಿಸುವುದು ನನ್ನ ಕೆಲಸ. ಆಗ ಹೆರೆಯುವ ಕಾರ್ಡು ಬರುತ್ತಿತ್ತಲ್ಲ, ಬೆಳ್ಳಿ ಬಣ್ಣದ ಪಟ್ಟಿ, ಅದರ ಅಡಿಯಲ್ಲಿ ನಂಬರು! ದೇವರು ನನಗಾಗಿಯೇ ಮಾಡಿಸಿದ ವಸ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ ಮೊದಲ ಕಾರ್ಡು ತೆಗೆದುಕೊಂಡವಳೇ ಅಲ್ಲೇ ನಿಂತು ಬೀಗದ ಕೈಯಿಂದ ಹೆರೆಯತೊಡಗಿದೆ. ಬೆಳ್ಳಿ ಹೋಯಿತು. ನಂಬರು ಕಂಡಿತು. ನಾನು ನಿಲ್ಲಿಸಲಿಲ್ಲ. ಕೊನೆಯ ನಾಲ್ಕು ನಂಬರು ಪುಡಿಯಾಗಿ ನೆಲಕ್ಕೆ ಬಿತ್ತು.

ಕೌಂಟರಿನಲ್ಲಿದ್ದ ಹುಡುಗ ಆ ಅಂಗಡಿಯವರ ಸೋದರಳಿಯ, ಹೆಸರು ರಾಘು. ಬಸ್ರೂರಿನವರು. ಕಾರ್ಡನ್ನು ಬೆಳಕಿಗೆ ಹಿಡಿದು ಅದರ ತೂತಿನಿಂದ ನನ್ನನ್ನೇ ನೋಡಿದರು.

"ಎಂತ ಮಾರಾಯ್ತಿ, ಇದ್ ಕಾಯಿ ಕಡಿ ಅಲ್ಲ."

ಆಮೇಲೆ ಅವರೇ ಕಂಪನಿಗೆ ಫೋನು ಮಾಡಿ, ಅಲ್ಲಿ ಬರುವ ಸಂಗೀತವನ್ನು ಅರ್ಧ ಗಂಟೆ ಕೇಳಿ, ಕಾರ್ಡಿನ ಹಿಂದಿದ್ದ ಇನ್ನೊಂದು ನಂಬರು ಹೇಳಿ, ಹೇಗೋ ಕರೆನ್ಸಿ ಹಾಕಿಸಿ ಕೊಟ್ಟರು. ಎರಡನೇ ತಿಂಗಳೂ ಹಾಗೇ ಆಯಿತು. ಮೂರನೇ ತಿಂಗಳು ನಾನು ಬೇಕೆಂದೇ ಹಾಳುಮಾಡಿದ್ದು ಅಂತ ಇವರು ಈಗಲೂ ಎಲ್ಲರ ಮುಂದೆ ಹೇಳುತ್ತಾರೆ. ಶುದ್ಧ ಸುಳ್ಳು. ಬೇಕೆಂದೇ ಹಾಳುಮಾಡಿದ್ದು ನಾಲ್ಕನೇ ತಿಂಗಳು.

ಅಲ್ಲಿಂದ ಮುಂದೆ ನನ್ನ ಕಾರ್ಡನ್ನು ಅವರೇ ಹೆರೆದು ಕೊಡತೊಡಗಿದರು. ಸವೆದ ಒಂದು ನಾಣ್ಯದ ಅಂಚಿನಿಂದ, ಮೆಲ್ಲ ಮೆಲ್ಲ, ನಿದ್ದೆಯಲ್ಲಿರುವ ಮಗುವಿನ ಕೆನ್ನೆ ಒರೆಸಿದ ಹಾಗೆ. ಒಂದು ನಂಬರು ಕಾಣಲು ಒಂದು ನಿಮಿಷ. ನಡುವೆ ನಿಲ್ಲಿಸಿ ಊದುತ್ತಿದ್ದರು. ನನ್ನ ಎರಡು ಬಸ್ಸು ತಪ್ಪುತ್ತಿತ್ತು. ನನಗೇನೂ ಬೇಜಾರಿಲ್ಲ. ಹೆರೆಯುವುದರಲ್ಲಿ ಇಷ್ಟು ತಾಳ್ಮೆ ಇರುವ ಪ್ರಾಣಿಯನ್ನು ನಾನು ಅಲ್ಲಿಯ ತನಕ ಕಂಡೇ ಇರಲಿಲ್ಲ.

ಡಿಗ್ರಿ ಮುಗಿದ ವರ್ಷ ಇವರು ಮನೆಯಲ್ಲಿ ವಿಷಯ ತೆಗೆದರು. ಜಾತಿ ಒಂದೇ, ಬಳಿ ಅಂದರೆ ನಮ್ಮ ಕಡೆಯ ಗೋತ್ರ, ಅದು ಬೇರೆ, ಜಾತಕವೂ ಕೂಡಿ ಬಂತು. ಎಲ್ಲರೂ ಒಪ್ಪಿದರು. ಉಳಿದದ್ದು ಚಂದಜ್ಜಿ ಒಬ್ಬರೇ. ಆ ಮನೆಯಲ್ಲಿ ಅಜ್ಜಿ ಬೇಡ ಅಂದರೆ ಮುಗಿಯಿತು. ಅಲ್ಲಿಂದ ಮುಂದೆ ಮಾತಿಲ್ಲ.

"ಅಜ್ಜಿ ಹೆಣ್ಣಿನ ಮುಖ ಕಾಂಬುದಿಲ್ಲೆ, ಗೆರಟೆ ಕಾಂತ್ರ್" ಅಂದರು ಇವರು, ಕೌಂಟರಿನ ಮೇಲೆ ಬಾಗಿ, ಗುಟ್ಟು ಹೇಳುವವರ ಹಾಗೆ.

ನನಗೆ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಅಜ್ಜಿ ಹೆಣ್ಣು ನೋಡಲು ಹೋದ ಮನೆಯಲ್ಲಿ ಬಾವಿಕಟ್ಟೆ ನೋಡುವ ನೆಪ ಮಾಡಿಕೊಂಡು ಹಿತ್ತಿಲಿಗೆ ಹೋಗುತ್ತಾರೆ. ಅಲ್ಲಿ ರಾಶಿ ಬಿದ್ದ ಗೆರಟೆಗಳನ್ನು ಮಗುಚಿ ನೋಡುತ್ತಾರೆ. ಇವರ ಅಣ್ಣನಿಗೆ ಹೆಣ್ಣು ನೋಡುವಾಗ ಕುಂಭಾಶಿಯ ಹುಡುಗಿಯ ಗೆರಟೆಯಲ್ಲಿ ಬಿಳಿ ಉಳಿದಿತ್ತಂತೆ. ಕೈ ಧಾರಾಳ, ಮನೆ ಉಳಿಯದು ಅಂದರು. ಬ್ರಹ್ಮಾವರದ ಹುಡುಗಿಯ ಗೆರಟೆಯಲ್ಲಿ ಸಿಪ್ಪೆಯೂ ಉಳಿದಿರಲಿಲ್ಲವಂತೆ. ಜಿಪುಣಿ, ಬಂದವರಿಗೆ ಒಂದು ಲೋಟ ಚಾ ಸಿಗದು ಅಂದರು. ಮೂರನೆಯವಳ ಗೆರಟೆ ಸರಿಯಾಗಿತ್ತು. ಅವಳೇ ಈಗ ಇವರ ಅತ್ತಿಗೆ.

"ನೀ ಬಿಳಿ ಬಿಡ್ಬೇಡ, ಸಿಪ್ಪಿ ತೆಗಿಬೇಡ. ಅಷ್ಟೇ" ಅಂದರು ಇವರು. ಅಷ್ಟೇ ಅಂತೆ! ಹೆಗ್ಗಣಕ್ಕೆ ಅರ್ಧ ಬಿಲ ತೋಡಿ ನಿಲ್ಲಿಸು ಅಂದ ಹಾಗಾಯಿತು. ಬಸ್ಸಿನಲ್ಲಿ ಬೈಂದೂರಿನ ತನಕ ನನಗೆ ಅಳುವೇ ಬರುತ್ತಿತ್ತು. ಈ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಲು ನನಗೆ ಮನಸ್ಸಿರಲಿಲ್ಲ. ಈಗ ಅದು ಒಂದು ಗೆರಟೆಗೆ ಬಂದು ನಿಂತಿತ್ತು.

ಅಬ್ಬಿಗೆ ಮಾತ್ರ ವಿಷಯ ಹೇಳಿದೆ. ಅಪ್ಪಯ್ಯನಿಗೆ ಹೇಳಲಿಲ್ಲ. ಅವರಿಗೆ ಒಂದು ಗುಟ್ಟು ಹೇಳಿದರೆ ಮಾರನೇ ದಿನ ಮೀನಿನ ಜೊತೆ ಹತ್ತು ಊರಿಗೆ ಹೋಗುತ್ತಿತ್ತು. ಒಂದು ವಾರ ಅಭ್ಯಾಸ ನಡೆಯಿತು. ಅಬ್ಬಿ ಪಕ್ಕದಲ್ಲಿ ಕೂತು, ಕಂದು ಕಂಡ ಕೂಡಲೇ ನನ್ನ ಬೆನ್ನಿಗೆ ಒಂದು ಗುದ್ದುತ್ತಿದ್ದಳು. ಬೆಳಿಗ್ಗೆ ಕಾಯಿ ಚಟ್ನಿ, ಮಧ್ಯಾಹ್ನ ಕಾಯಿ ಹಾಕಿದ ಸಾರು, ಸಾಯಂಕಾಲ ಕಾಯಿ ಬೆಲ್ಲ ಹಾಕಿದ ಅವಲಕ್ಕಿ. "ಎಂತ ಹೆಣೆ, ಮನೆಲಿ ತೋಟ ಗೀಟ ತಕಂಡ್ರ್ಯಾ?" ಅಂತ ಅಪ್ಪಯ್ಯ ಅಬ್ಬಿಯನ್ನು ಕೇಳಿದರು. ವಾರದ ಕೊನೆಗೆ ಗುದ್ದಿನ ಬಲದಿಂದ ಆರು ಗೆರಟೆ ಲೆಕ್ಕಕ್ಕೆ ಸಿಕ್ಕುವ ಹಾಗೆ ಬಂದವು. ಒಳಗೆ ನಯವಾದ ಕಂದು, ಬಿಳಿಯ ಗೆರೆ ಇಲ್ಲ, ಹೆರೆಮಣೆಯ ಹಲ್ಲಿನ ಗಾಯ ಇಲ್ಲ. ಅವನ್ನು ಬಾವಿಕಟ್ಟೆಯ ಪಕ್ಕ, ಯಾರೋ ಸುಮ್ಮನೆ ಎಸೆದ ಹಾಗೆ ಕಾಣುವಂತೆ, ಹತ್ತು ಸಲ ಆಚೀಚೆ ಮಾಡಿ ಜೋಡಿಸಿದೆ.

ಅವರು ಬರುವ ದಿನ ಬೆಳಿಗ್ಗೆ ನಾನೂ ಅಬ್ಬಿಯೂ ನೀರುದೋಸೆ, ಕಾಯಿಬೆಲ್ಲದ ಗಡಿಬಿಡಿಯಲ್ಲಿದ್ದೆವು. ಹತ್ತು ಗಂಟೆಗೆ ರಿಕ್ಷಾ ಬಂತು. ರಾಘು ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಇಳಿದು ಅಜ್ಜಿಯನ್ನು ಕೈಹಿಡಿದು ಇಳಿಸಿದರು. ಅಜ್ಜಿ ಸಣ್ಣ ಆಳು, ಮೂಗಿನ ಎರಡೂ ಬದಿಗೆ ಮೂಗುಬೊಟ್ಟು, ಕೈಯಲ್ಲೊಂದು ಬಟ್ಟೆಯ ಚೀಲ. ಅಪ್ಪಯ್ಯ ಎದುರು ಹೋಗಿ "ಬನ್ನಿ ಬನ್ನಿ, ಕಾಲಿಗ್ ನೀರ್ ತಕಣಿ. ಬಿಸಿನೀರ್ ಇತ್ತ್" ಅಂದರು. ಅಜ್ಜಿಗೆ ಮಂಡಿನೋವಿದೆ ಅಂತ ಯಾರೋ ಹೇಳಿದ್ದರಂತೆ. ತಂಬಿಗೆ ತಂಬಿಗೆ ಬಿಸಿನೀರು ಹೊಯ್ದುಕೊಂಡು ಅಜ್ಜಿ ಖುಷಿಯಾದರು. "ಒಳ್ಳೆ ಮರ್ಯಾದಿ ಗೊತ್ತಿಪ್ಪ ಜನ" ಅಂದರು. ನಾನು ಬಾಗಿಲ ಸಂದಿಯಿಂದ ಕೇಳಿ ಹಿಗ್ಗಿದೆ.

"ಬಾವಿಕಟ್ಟಿ ಎಲ್ಲಿತ್ತ್? ಒಂಚೂರ್ ಕಾಂತೆ" ಅಂದರು ಅಜ್ಜಿ.

ಹೋದರು. ಬಾವಿಗೆ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಬಾಳೆಬುಡದಲ್ಲಿ ಬಗ್ಗಿ ನೋಡಿದರು. ಅಡುಗೆಮನೆಯ ಕಿಟಕಿಯಿಂದ ನಾನು ನೋಡಿದರೆ ಅಲ್ಲಿ ಗೆರಟೆ ಇಲ್ಲ! ಆರರಲ್ಲಿ ಒಂದೂ ಇಲ್ಲ.

"ಈ ಮನೆಲಿ ಕಾಯಿ ಹೆರುದೇ ಇಲ್ಯಾ?" ಅಂತ ಅಜ್ಜಿ ಕೇಳಿದರು.

ಅಪ್ಪಯ್ಯ ಎದೆಯುಬ್ಬಿಸಿ ಹೇಳಿದರು: "ಅಯ್ಯೋ, ಇಲ್ದೇ ಎಂತ? ಆರ್ ಗೆರಟೆ ಇದ್ದಿತ್, ಲಾಯ್ಕ್ ಒಣ್ಗಿದ್ದ್. ನಿಮ್ ಕಾಲಿಗ್ ನೀರ್ ಕಾಸುಕ್ ಅಂದೇಳಿ ನಾನೇ ಬಚ್ಚಲ್ ಒಲಿಗ್ ಹಾಕ್ದೆ."

ಅಬ್ಬಿ ಅಪ್ಪಯ್ಯನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ. ಅವರು ಏನೂ ತಪ್ಪು ಮಾಡಿರಲಿಲ್ಲ. ನಮ್ಮ ಕಡೆ ಗೆರಟೆ ಇರುವುದೇ ಬಚ್ಚಲ ಒಲೆಗೆ. ಆದರೆ ಅಜ್ಜಿ ನನ್ನ ಮದುವೆಯನ್ನೇ ಉರಿಸಿ ಕಾಸಿದ ನೀರಿನಲ್ಲಿ ಕಾಲು ತೊಳೆದು, ಹಾಯಾಗಿ ನಿಂತಿದ್ದರು.

"ಹಾಂಗಾರೆ ಹೆರಮಣಿ ತಕಂಡ್ ಬಾ ಹೆಣೆ" ಅಂತ ಅಜ್ಜಿ ನನ್ನನ್ನೇ ಕರೆದರು. "ನನ್ ಎದುರಿಗೇ ಒಂದ್ ಕಡಿ ಹೆರ್. ಕಾಂಬ."

ಕಾಯಿ ಒಡೆದದ್ದಾಯಿತು. ರೇಷ್ಮೆ ಸೀರೆಯನ್ನು ಎತ್ತಿಕಟ್ಟಿ ಹೆರೆಮಣೆಯ ಮೇಲೆ ಕೂತೆ. ಎದುರಿಗೆ ಅಜ್ಜಿ, ಬದಿಗೆ ರಾಘು, ಆಚೆ ತಲೆತಗ್ಗಿಸಿದ ಅಪ್ಪಯ್ಯ. ಗುದ್ದಲು ಅಬ್ಬಿ ಹಿಂದೆ ಇರಲಿಲ್ಲ, ದೋಸೆಕಾವಲಿಯ ಹತ್ತಿರ ಇದ್ದಳು. ಬಿಳಿ ಬಿಡಬೇಡ, ಸಿಪ್ಪೆ ತೆಗೆಯಬೇಡ ಅಂತ ಮನಸ್ಸಿನಲ್ಲೇ ಜಪ ಮಾಡುತ್ತಾ ತಿರುಗಿಸಿದೆ. ಬಿಳಿ ಬಂತು. ಚೆನ್ನಾಗಿಯೇ ಬಂತು. ಕಂದು ಕಂಡಿತು. ನಿಲ್ಲಿಸು ಅಂತ ತಲೆ ಹೇಳಿತು. ಕೈಗೆ ಕೇಳಿಸಲಿಲ್ಲ. ಕರ್ರ್ ಕರ್ರ್ ಕರ್ರ್. ಯಾವಾಗಲೋ ಕೈ ನಿಂತಾಗ ಬಟ್ಟಲಲ್ಲಿ ತೌಡಿನ ರಾಶಿ.

ಅಜ್ಜಿ ಗೆರಟೆಯನ್ನು ತೆಗೆದುಕೊಂಡು ಸೂರ್ಯನಿಗೆ ಹಿಡಿದರು. "ಇದ್ರಗೆ ಒಂದ್ ಕಾಲ್ದಗೆ ಕಾಯಿ ಇದ್ದಿತ್ ಅಂದೇಳಿ ಕಾಗಿಗೂ ಗೊತ್ತಾಪುದಿಲ್ಲೆ" ಅಂದರು. ಚೀಲ ಕೈಗೆ ತೆಗೆದುಕೊಂಡು ಎದ್ದರು. "ಬಾ ರಾಘು, ಹೋಪ."

ನನ್ನ ಕಣ್ಣಲ್ಲಿ ನೀರು ತುಂಬಿತು. ರಾಘುವಿನ ಮುಖ ಬಿಳಿಚಿಕೊಂಡಿತ್ತು. ಆಗ ಅಬ್ಬಿ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಳು. ನನ್ನ ಅಬ್ಬಿ ನೆಂಟರೆದುರು ಗಟ್ಟಿ ಮಾತಾಡಿದವಳಲ್ಲ.

"ಹ್ವಾಯ್ ಅಮ್ಮಾ, ನಿಲ್ಲಿ. ಒಂದ್ ಕಡಿ ನಮ್ ಹೆಣ್ಣ್ ಹೆರ್ತ್. ಇನ್ನೊಂದ್ ಕಡಿ ಹಾಂಗೇ ಇತ್ತಲೆ? ಅದನ್ನ ನಿಮ್ ಮೊಮ್ಮಗ ಹೆರ್ಲಿ. ನಾವೂ ಗಂಡ್ ಕಾಣ್ಕ್ ಅಲ್ದಾ?"

ಅಜ್ಜಿ ನಿಂತರು. ಇಂಥ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಸ್ವಲ್ಪ ಹೊತ್ತು ಅಬ್ಬಿಯ ಸಟ್ಟುಗವನ್ನೇ ನೋಡಿ, "ಹೆರ್ ಮಗಾ" ಅಂದರು.

ಇಸ್ತ್ರಿ ಪ್ಯಾಂಟಿನಲ್ಲಿ ರಾಘು ಹೆರೆಮಣೆಯ ಮೇಲೆ ಕೂತರು. ಹುಟ್ಟಿದ ಮೇಲೆ ಅವರು ಅದರ ಮೇಲೆ ಕೂತದ್ದು ಅದೇ ಮೊದಲು. ಅವರಿಗೆ ಗೊತ್ತಿದ್ದ ಹೆರೆಯುವಿಕೆ ಒಂದೇ. ಅದನ್ನೇ ಮಾಡಿದರು. ಮೆಲ್ಲ ಮೆಲ್ಲ, ಹಲ್ಲಿಗೆ ತಾಗಿತೋ ಇಲ್ಲವೋ ಎನ್ನುವ ಹಾಗೆ. ನಡುವೆ ನಿಲ್ಲಿಸಿ ಊದಿದರು! ಒಳಗೆ ಕಾವಲಿಯ ಮೇಲೆ ದೋಸೆ ಹೊತ್ತಿದ ವಾಸನೆ ಬಂತು, ಯಾರೂ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಅವರು ಕಡಿಯನ್ನು ಕೆಳಗಿಟ್ಟರು. ಬಟ್ಟಲಲ್ಲಿ ಬಿದ್ದದ್ದು ಒಬ್ಬರ ಮುಖಕ್ಕೆ ಹಚ್ಚುವಷ್ಟು ಪೌಡರು. ಕಡಿ ಬೆಳ್ಳಗೆ ಹಾಗೇ ಇತ್ತು.

"ಎಂತ ಮಗಾ ಇದ್?" ಅಂದರು ಅಜ್ಜಿ.

"ಸಾಕಲ್ದಾ ಅಜ್ಜಿ?" ರಾಘು ಹೆದರಿ ಎದ್ದು ನಿಂತರು. "ಜಾಸ್ತಿ ಹೆರ್ರೆ ನಂಬರ್ ಹೋತ್ತಲ್ದಾ?"

ನನಗೆ ತಡೆಯಲು ಆಗಲಿಲ್ಲ. ಕಣ್ಣೀರು ಇನ್ನೂ ಆರಿರಲಿಲ್ಲ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪಯ್ಯನೂ ನಕ್ಕರು, ಯಾಕೆಂದು ಗೊತ್ತಿಲ್ಲದೆ.

ಅಜ್ಜಿ ನಗಲಿಲ್ಲ. ಒಂದು ಕೈಯಲ್ಲಿ ನನ್ನ ಗೆರಟೆ, ಇನ್ನೊಂದು ಕೈಯಲ್ಲಿ ಮೊಮ್ಮಗನ ಕಡಿ ಹಿಡಿದುಕೊಂಡು ಇದನ್ನೊಮ್ಮೆ ಅದನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲ ಕೂತರು. ಬಿಳಿಯ ಕಡಿಯನ್ನು ನನ್ನ ಕೈಗೆ ಕೊಟ್ಟರು.

"ತಕೊ. ಇವ ಬಿಟ್ಟದ್ದನ್ನ ನೀ ಹೆರ್."

ಮತ್ತೆ ಕೂತೆ. ತಿರುಗಿಸಿದೆ. ಅಜ್ಜಿ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟಿದ್ದರು. ಹೆರೆಮಣೆಯ ಸದ್ದು ಮೆತ್ತಗಿನಿಂದ ಒರಟಿಗೆ ತಿರುಗುವ ಜಾಗದಲ್ಲಿ, ಸರಿಯಾಗಿ ಅದೇ ಕ್ಷಣದಲ್ಲಿ, "ಸಾಕ್" ಅಂದರು.

ನನ್ನ ಕೈ ನಿಂತಿತು. ಅಬ್ಬಿಯ ಗುದ್ದಿಲ್ಲದೆ ನಿಂತದ್ದು ಅದೇ ಮೊದಲು. ಗೆರಟೆ ನೋಡಿದರೆ ನಯವಾದ ಕಂದು, ಬಿಳಿ ಗೆರೆ ಇಲ್ಲ, ಹಲ್ಲಿನ ಗಾಯವೂ ಇಲ್ಲ.

"ಇವ ಶುರು ಮಾಡ್ಲಿ, ಇವ್ಳ್ ಮುಗ್ಸ್ಲಿ. ಸಾಕ್ ಅಂಬುಕೆ ನಾ ಇದ್ದೆ" ಅಂದರು ಅಜ್ಜಿ. ಆಮೇಲೆ ಅಬ್ಬಿಯ ಕಡೆ ತಿರುಗಿ, "ಸುಟ್ಟ್ ಹೋಗ್ದೇ ಇಪ್ಪ ದೋಸಿ ಇದ್ರೆ ತಕಂಡ್ ಬಾ ಹೆಣೆ, ಹಶು ಆತಿತ್ತ್" ಅಂದರು. ಹೀಗೆ ನನ್ನ ಮದುವೆ ನಿಶ್ಚಯವಾಯಿತು.

ಆ ಮೇಲೆ ಇಷ್ಟು ವರ್ಷವೂ ನಮ್ಮ ಮನೆಯಲ್ಲಿ ಅದೇ ಪದ್ಧತಿ. ಭಾನುವಾರ ಬೆಳಿಗ್ಗೆ ಇವರು ಹೆರೆಮಣೆಯ ಮೇಲೆ ಕೂತು ಪೌಡರು ಉದುರಿಸಿ, ಊದಿ, "ಸಾಕಲ್ದಾ?" ಎನ್ನುತ್ತಾ ಎದ್ದು ಅಂಗಡಿಗೆ ಹೋಗುತ್ತಾರೆ. ಕಾರ್ಡು ಹೆರೆಯುವ ಕಾಲ ಹೋಯಿತು, ಕರೆನ್ಸಿ ಈಗ ಹಾಗೇ ಹೋಗುತ್ತದೆ, ಇವರ ಕೈ ಮಾತ್ರ ಬದಲಾಗಿಲ್ಲ. ನಾನು ಬಂದು ಕೂರುತ್ತೇನೆ.

ಇದೆಲ್ಲ ನೆನಪಾಗುತ್ತಿದ್ದ ಹಾಗೆ ಅನು ಜಗಲಿಯಿಂದ ಓಡಿಬಂದಳು. "ಬರ್ದಾಯ್ತ್ ಅಮ್ಮಾ! ದೊಡ್ಡಜ್ಜಿ ಹೇಳಿರ್" ಎಂದು ಪುಸ್ತಕವನ್ನು ನನ್ನ ಮೂಗಿಗೆ ಹಿಡಿದಳು. ಸ್ಕ್ರೇಪ್ ಎನ್ನುವುದರ ಎದುರು, ನಾನು ಹೇಳಿದ್ದನ್ನು ಹೊಡೆದುಹಾಕಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: 'ಅಪ್ಪ ಅರ್ಧಕ್ಕೇ ಬಿಡುವುದು, ಅಮ್ಮ ಎಷ್ಟು ಹೇಳಿದರೂ ಬಿಡದೇ ಇರುವುದು.'

"ಇದೆಂತ ಅರ್ಥ? ಟೀಚರ್ ಬೈತ್ರ್" ಅಂತ ನಾನು ಬಾಯಿ ತೆರೆದೆ, ಕೈ ಕಡಿಯನ್ನು ತಿರುಗಿಸುತ್ತಲೇ ಇತ್ತು. ಅಷ್ಟರಲ್ಲಿ ಜಗಲಿಯಿಂದ, ಎರಡು ಬಾಗಿಲು ದಾಟಿ, ಆ ತೊಂಬತ್ತರ ಧ್ವನಿ ಬಂತು.

"ಸಾಕ್ ಹೆಣೆ!"

ಬಗ್ಗಿ ನೋಡಿದೆ. ಗೆರಟೆಯಲ್ಲಿ ಆಗಷ್ಟೇ ಕಂದು ಕಾಣಿಸಿತ್ತು.